ಅಪ್ಪ ನಾಬಿಗೆ ಸುತ್ತಿದ ಟೇಪು

ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಟಾರ್ಗೆಟ್ ಕಾರ್ಡ್ ಅಂಟಿಸಿದೆ. ಪಕ್ಕದಲ್ಲಿ ಹಾಲಿನ ಲೆಕ್ಕ, ಕರೆಂಟ್ ಬಿಲ್ಲು. ಕಾರ್ಡಿನಲ್ಲಿ ಹನ್ನೊಂದು ತೂತುಗಳಿವೆ. ಒಂದೂ ನಡುವಿನ ಕಪ್ಪು ಬೊಟ್ಟಿನೊಳಗಿಲ್ಲ. ಎಲ್ಲ ಕೆಳಗೆ, ಬಲಕ್ಕೆ, ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಕಾರ್ಡಿನ ಮೂಲೆಯ ಕಡೆ ಹೊರಟಿವೆ. ಹನ್ನೆರಡನೆಯದು ಕಾರ್ಡನ್ನೇ ಬಿಟ್ಟು ಹೋಯಿತು. ಮನೆಗೆ ಬಂದವರು "ಏನ್ರಿ ಇದು, ಮಗಳ ಡ್ರಾಯಿಂಗಾ?" ಅಂತ ಕೇಳುತ್ತಾರೆ. ನಾನು ಹೂಂ ಅಂದುಬಿಡುತ್ತೇನೆ.

ಮಗಳದ್ದಲ್ಲ, ನನ್ನದು. ನನಗೆ ಮೂವತ್ತೊಂಬತ್ತು ವರ್ಷ. ಹುಬ್ಬಳ್ಳಿಯಲ್ಲಿ ಒಂದು ಔಷಧಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈ ವಯಸ್ಸಿಗೆ ರೈಫಲ್ ಹಿಡಿಯುವ ಹುಚ್ಚು ಹತ್ತಿದ್ದು ಟಿವಿಯಿಂದ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದರು. ಅವರು ಕೊಲ್ಹಾಪುರದ ಕಡೆಯವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ನಮ್ಮಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ರಿಟೈರ್ ಆದವರು. "ನಮ್ಮ ರೈಲ್ವೆ ಹುಡುಗ" ಅಂತ ಟಿವಿ ಮುಂದೆ ಎದ್ದೇ ನಿಂತಿದ್ದರು. ಮರುದಿನ ಅಂಗಡಿಯಲ್ಲಿ ಇದೇ ಮಾತು ಬಂತು. ಆಗ ಒಬ್ಬರು ನಮ್ಮೂರಿನ ಶ್ರೀಹರ್ಷ ದೇವರಡ್ಡಿ ಅವರ ಹೆಸರು ಹೇಳಿದರು. 2022ರಲ್ಲಿ ಫ್ರಾನ್ಸ್‌ನ ಶಾತೊರೂದಲ್ಲಿ ಪ್ಯಾರಾ ಶೂಟಿಂಗ್ ವಿಶ್ವಕಪ್ ಚಿನ್ನ ಗೆದ್ದವರು, 10 ಮೀಟರ್ ಏರ್ ರೈಫಲ್‌ನಲ್ಲಿ. ಹುಬ್ಬಳ್ಳಿಯಲ್ಲಿ ಈ ಆಟ ಇದೆ ಅನ್ನುವುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಹಾಗೆ ಗೋಕುಲ ರಸ್ತೆ ಕಡೆಯ ಒಂದು ಸಣ್ಣ ಶೂಟಿಂಗ್ ರೇಂಜ್‌ಗೆ ಹೋಗತೊಡಗಿದೆ. ಹಳೇ ಗೋದಾಮು, ತಗಡಿನ ಚಾವಣಿ, ನಾಲ್ಕು ಲೇನ್. ಮೊದಲ ಎರಡು ತಿಂಗಳು ಅಲ್ಲಿನ ರೈಫಲ್‌ನಲ್ಲೇ ಕಲಿತೆ. ಆಮೇಲೆ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ರೈಫಲ್ ಕೊಂಡೆ. ಹೊಸಬರು ಕಲಿಯುವಂಥದ್ದು. ಬ್ಯಾರೆಲ್ ಮಡಚಿ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು ಹಾಕುವ ಸ್ಪ್ರಿಂಗ್ ಏರ್ ರೈಫಲ್. ಗುರಿ ಹಿಡಿಯಲು ಹಿಂದೆ ಪೀಪ್ ಸೈಟ್ ಅನ್ನುವ ಸಣ್ಣ ತೂತು, ಮುಂದಿನ ಸೈಟಿನಲ್ಲಿ ರಿಂಗ್. ಅದರ ಉದ್ದನೆಯ ಪೆಟ್ಟಿಗೆ ಹಿಡಿದು ಚಿಗರಿ ಬಸ್ ಹತ್ತಿದಾಗ ಧಾರವಾಡದ ಅಜ್ಜರೊಬ್ಬರು ಸೀಟು ಬಿಟ್ಟುಕೊಟ್ಟು, "ತಂಬೂರಿ ಏನವಾ? ಯಾರ ಹಂತೇಕ ಕಲೀತಿ?" ಅಂತ ಕೇಳಿದ್ದರು. ಈ ಅವಳಿ ಊರಿನಲ್ಲಿ ಉದ್ದನೆಯ ಪೆಟ್ಟಿಗೆ ಅಂದರೆ ಇನ್ನೇನಿರಲು ಸಾಧ್ಯ? ಅವರ ಆಸೆ ಕೆಡಿಸಲು ಮನಸ್ಸಾಗಲಿಲ್ಲ. ಈಗಷ್ಟೇ ಶುರು ಮಾಡೀನ್ರಿ ಅಂದೆ.

ರೇಂಜಿನ ರೈಫಲ್‌ನಲ್ಲಿ ಏಳು, ಎಂಟು ಹೊಡೆಯುತ್ತಿದ್ದವಳು ನನ್ನ ಸ್ವಂತ ರೈಫಲ್‌ನಲ್ಲಿ ಕಪ್ಪು ಬೊಟ್ಟನ್ನೂ ಮುಟ್ಟಲಿಲ್ಲ. ಆ ಬೊಟ್ಟು 30.5 ಮಿಮೀ ಅಡ್ಡಗಲ, ಕೋಟಿನ ಗುಂಡಿಯಷ್ಟು. ನಡುವೆ ಹತ್ತು ಅಂಕದ ಚುಕ್ಕೆ 0.5 ಮಿಮೀ, ಪೆನ್ನಿನಿಂದ ಚುಚ್ಚಿದಷ್ಟು. ಪೆಲೆಟ್ 4.5 ಮಿಮೀ ಇರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಸ್ವಲ್ಪ ಕರುಣೆ ಇದೆ ಅನ್ನಿ. ಆದರೆ ನನ್ನ ಗುಂಡುಗಳು ಕರುಣೆ ಕೇಳುವಷ್ಟು ಹತ್ತಿರವೂ ಬರಲಿಲ್ಲ.

ಕೋಚ್ ಆ ದಿನ ಇರಲಿಲ್ಲ. ಪಕ್ಕದ ಲೇನಿನವರು ನೋಡಿ ಸೈಟ್ ತಿರುಗಿಸಿ ಅಂದರು.

ಹಿಂದಿನ ಸೈಟಿಗೆ ಎರಡು ನಾಬ್. ಮೇಲಿನದು ಎತ್ತರಕ್ಕೆ, ಪಕ್ಕದ್ದು ಎಡಬಲಕ್ಕೆ. ಮೇಲಿನದರ ಮೇಲೆ ಒಂದು ಬಾಣ, ಜೊತೆಗೆ 'ಎಚ್' ಅಕ್ಷರ. ಪಕ್ಕದ್ದರಲ್ಲಿ ಒಂದು ಕಡೆ 'ಆರ್', ಇನ್ನೊಂದು ಕಡೆ 'ಎಲ್'. ಗುಂಡು ಬಲಕ್ಕೆ ಬೀಳುತ್ತಿದೆ, ಎಡಕ್ಕೆ ಬರಬೇಕು, ಅಂದರೆ 'ಎಲ್' ಕಡೆ ತಿರುಗಿಸಬೇಕು. ಕೆಳಗೆ ಬೀಳುತ್ತಿದೆ, ಮೇಲೆ ಬರಬೇಕು, ಅಂದರೆ 'ಎಚ್' ಕಡೆ. ಸರಿಯಾಗೇ ಇದೆ ಅಲ್ವಾ? ತಿರುಗಿಸಿದೆ. ಮುಂದಿನ ಗುಂಡು ಇನ್ನೂ ಬಲಕ್ಕೆ, ಇನ್ನೂ ಕೆಳಗೆ. ಸಾಲಲಿಲ್ಲ ಅಂತ ಇನ್ನಷ್ಟು ತಿರುಗಿಸಿದೆ. ಫ್ರಿಜ್ ಮೇಲಿನ ಇರುವೆ ಸಾಲು ಹುಟ್ಟಿದ್ದು ಹಾಗೆ.

ಇದರ ಗುಟ್ಟು ಬಿಟ್ಟುಕೊಟ್ಟದ್ದು ನಮ್ಮ ಅಂಗಡಿಯ ಕಪಾಟು. ತಲೆನೋವಿನ ಗುಳಿಗೆ ಅಂತೀವಿ, ನಿದ್ದೆ ಗುಳಿಗೆ ಅಂತೀವಿ. ತಲೆನೋವಿನ ಗುಳಿಗೆ ತಗೊಳ್ಳೋದು ತಲೆನೋವು ಬಂದಾಗ. ನಿದ್ದೆ ಗುಳಿಗೆ ತಗೊಳ್ಳೋದು ನಿದ್ದೆ ಬರಲಿ ಅಂತ. ಒಂದು ಹೆಸರು ಕಾಯಿಲೆ ಹೇಳುತ್ತದೆ, ಇನ್ನೊಂದು ಆಗಬೇಕಾದ್ದನ್ನು ಹೇಳುತ್ತದೆ. ಸೈಟ್ ನಾಬುಗಳಲ್ಲೂ ಇವೆರಡು ಜಾತಿ. ಅಮೆರಿಕನ್ ಪದ್ಧತಿಯ ಬಹಳಷ್ಟು ಸೈಟುಗಳಲ್ಲಿ ಗುರುತು ಇರುವುದು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ. ಅದು ನಿದ್ದೆ ಗುಳಿಗೆ. ಜರ್ಮನ್ ಪದ್ಧತಿಯ ಟಾರ್ಗೆಟ್ ಸೈಟುಗಳಲ್ಲಿ ಗುರುತು ಇರುವುದು ಗುಂಡು ಈಗ ಎಲ್ಲಿ ಬಿದ್ದಿದೆಯೋ ಅದಕ್ಕೆ. 'ಎಚ್' ಅಂದರೆ ಹೋಖ್, ಎತ್ತರ. ಗುಂಡು ಎತ್ತರಕ್ಕೆ ಬಿದ್ದಿದ್ದರೆ ಈ ಕಡೆ ತಿರುಗಿಸು, ಕೆಳಗೆ ಬರುತ್ತದೆ. 'ಆರ್' ಅಂದರೆ ರೆಖ್ಟ್ಸ್, ಬಲ. ಬಲಕ್ಕೆ ಬಿದ್ದಿದ್ದರೆ ಈ ಕಡೆ. ಶುದ್ಧ ತಲೆನೋವಿನ ಗುಳಿಗೆ. ನನ್ನ ಸೈಟು ಈ ಎರಡನೇ ಜಾತಿಯದು. ನಾನು ಅದನ್ನು ನಿದ್ದೆ ಗುಳಿಗೆ ಅಂತ ನುಂಗುತ್ತಿದ್ದೆ, ಹತ್ತಲಿಲ್ಲ ಅಂತ ಡೋಸ್ ಬೇರೆ ಏರಿಸುತ್ತಿದ್ದೆ.

ಅಕ್ಷರ ನೋಡಲೇಬೇಡಿ ಅಂತ ಈಗ ನಾನು ಹೊಸಬರಿಗೆ ಹೇಳುತ್ತೇನೆ. ಪೆಲೆಟ್ ಹಾಕದೆ ನಾಬನ್ನು ಇಪ್ಪತ್ತು ಕ್ಲಿಕ್ ತಿರುಗಿಸಿ, ಹಿಂದಿನ ಸೈಟಿನ ತೂತು ಯಾವ ಕಡೆ ಸರಿಯಿತು ಅಂತ ಕಣ್ಣಾರೆ ನೋಡಿ. ಹಿಂದಿನ ಸೈಟ್ ಎತ್ತ ಹೋಗುತ್ತದೋ ಗುಂಡೂ ಅತ್ತ ಹೋಗುತ್ತದೆ. ಮುಂದಿನ ಸೈಟ್ ಸರಿಸಿದರೆ ಉಲ್ಟಾ. ಇಷ್ಟು ಗೊತ್ತಿದ್ದರೆ ಜರ್ಮನ್ ಬರಬೇಕಿಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಿಕ್ಕು ಗೊತ್ತಾದ ಮೇಲೂ ಎರಡು ವಾರ ಗುಂಡುಗಳು ಮನಸ್ಸಿಗೆ ಬಂದ ಕಡೆ ಹೋದವು. ಒಂದು ಎಡಕ್ಕೆ ಬಿದ್ದರೆ ಎರಡು ಕ್ಲಿಕ್ ಬಲಕ್ಕೆ. ಮುಂದಿನದು ಬಲಕ್ಕೆ ಬಿದ್ದರೆ ಮೂರು ಕ್ಲಿಕ್ ಎಡಕ್ಕೆ. ಕೈ ರೈಫಲ್ ಮೇಲಿದ್ದದ್ದಕ್ಕಿಂತ ನಾಬಿನ ಮೇಲೆ ಇದ್ದದ್ದೇ ಜಾಸ್ತಿ. ಆ ಕ್ಲಿಕ್ ಸದ್ದಿನಲ್ಲಿ ಏನೋ ಒಂದು ಸಮಾಧಾನ ಇದೆ ಸ್ವಾಮಿ. ಏನೋ ರಿಪೇರಿ ಆಗುತ್ತಿದೆ ಅನ್ನಿಸುತ್ತದೆ.

ಒಂದು ಸಂಜೆ ಕಾರ್ಡುಗಳನ್ನೆಲ್ಲ ಅಪ್ಪನ ಮುಂದೆ ಹಾಕಿದೆ. ಅವರು ಒಂದೊಂದನ್ನೇ ಕಿಟಕಿಗೆ ಹಿಡಿದು ತೂತುಗಳಿಂದ ಬರುವ ಬೆಳಕು ನೋಡಿದರು.

"ಪ್ರತಿ ಗುಂಡಿಗೂ ತಿರುವಿದಿ ಏನ?"

"ಹೂಂ."

"ಅಳತಿ ಕೋಲ ಕುಣ್ಯಾಕ ಹತ್ತಿದ್ರ ಅರಿವಿ ಅಳಿಯೂದು ಹೆಂಗವಾ?"

ಒಳಗೆ ಹೋಗಿ ಕಪ್ಪು ಇನ್ಸುಲೇಷನ್ ಟೇಪ್ ತಂದರು. ಎರಡೂ ನಾಬುಗಳಿಗೆ ಮೂರು ಸುತ್ತು ಸುತ್ತಿದರು. "ಇದನ್ನ ಬಿಚ್ಚಿದಿ ಅಂದ್ರ ನನ್ನ ಕೇಳಾಕ ಬರಬ್ಯಾಡ" ಅಂದರು. ಐದೈದು ಗುಂಡು ಒಂದೊಂದು ಕಾರ್ಡಿಗೆ, ಎಲ್ಲಿ ಬೀಳುತ್ತೋ ಬೀಳಲಿ, ಏನೂ ಮುಟ್ಟದೆ ಹೊಡೆದು ತಾ. ಅದು ಅವರ ಅಪ್ಪಣೆ. ಶೂಟಿಂಗ್ ಅಂದರೆ ಏನು ಅಂತ ಗೊತ್ತಿಲ್ಲದ ಮನುಷ್ಯ. ಅದೇ ವಾರ ಕೋಚ್ ಕೂಡ ಅದನ್ನೇ ಹೇಳಿದರು, ಅವರ ಭಾಷೆಯಲ್ಲಿ: ಮೊದಲು ಗ್ರೂಪ್, ಆಮೇಲೆ ಝೀರೋ, ಅಂದರೆ ಸೈಟ್ ತಿದ್ದಿ ಗುಂಡನ್ನು ನಡುವಿಗೆ ತರುವುದು. ಐದು ಗುಂಡು ಒಂದು ಕಡೆ ಗುಂಪಾಗಿ ಬಿದ್ದರೆ, ಗುಂಪಿನ ನಡುವನ್ನು ಹಿಡಿದು ಸೈಟ್ ತಿದ್ದಬಹುದು. ಗುಂಪೇ ಇಲ್ಲದಿದ್ದರೆ ತಿದ್ದಲು ಏನೂ ಇಲ್ಲ. ಇದನ್ನು ನನಗೆ ಮೊದಲ ದಿನವೂ ಹೇಳಿದ್ದರಂತೆ. ಹೇಳಿರಬಹುದು. ಟೇಪು ಸುತ್ತಿರಲಿಲ್ಲ.

ಸ್ವಂತ ಕೈ ನಡುಗುವುದನ್ನು ಲೆಕ್ಕದಿಂದ ತೆಗೆಯಲು ಕುಳಿತು ಹೊಡೆದೆ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಜೋಳ ತುಂಬಿ ಹೊಲಿದು ದಿಂಬು ಮಾಡಿಕೊಂಡೆ. ಸ್ಪ್ರಿಂಗ್ ರೈಫಲನ್ನು ನೇರವಾಗಿ ದಿಂಬಿನ ಮೇಲೆ ಇಡಬಾರದು. ದಿಂಬಿನ ಮೇಲೆ ನಮ್ಮ ಅಂಗೈ, ಅಂಗೈ ಮೇಲೆ ರೈಫಲ್. ಗಟ್ಟಿ ಜಾಗದ ಮೇಲಿಟ್ಟರೆ ಅದು ಕುಪ್ಪಳಿಸುವ ರೀತಿಯೇ ಬದಲಾಗುತ್ತದೆ, ಗುಂಡು ಬೇರೆ ಕಡೆ ಹೋಗುತ್ತದೆ. ಇದೇ ಕಾರಣಕ್ಕೆ ಕೊನೆಯ ಝೀರೋ ಮಾತ್ರ ನಿಂತೇ ಮಾಡಬೇಕು.

ಏಳು ಕಾರ್ಡು, ಮೂವತ್ತೈದು ಗುಂಡು. ಈ ಸಲ ಒಂದು ವಿಚಿತ್ರ ಕಾಣಿಸಿತು. ಮೊದಲ ಮೂರು ಕಾರ್ಡಿನಲ್ಲಿ ಗುಂಪು ಚೆನ್ನಾಗಿತ್ತು, ಒಂದೇ ಜಾಗದಲ್ಲಿತ್ತು. ನಾಲ್ಕನೆಯದರಲ್ಲಿ ಮೂರು ಗುಂಡು ಅಲ್ಲೇ, ಎರಡು ಬೇರೆ ಕಡೆ. ಐದರಿಂದ ಏಳರವರೆಗೆ ಮತ್ತೆ ಒಳ್ಳೆಯ ಗುಂಪು, ಆದರೆ ಹೊಸ ಜಾಗದಲ್ಲಿ. ನಾಬು ಮುಟ್ಟಿಲ್ಲ, ಟೇಪು ಸಾಕ್ಷಿ. ಅಪ್ಪನ ಮುಖ ಅರಳಿತು. "ಹಾಂ, ಈಗ ಮಾತಾಡಾಕತ್ತು ನೋಡು ಇದು."

ಅವರು ಮೊದಲು ನೋಡಿದ್ದು ಪೆಲೆಟ್ ಇಲ್ಲ ಅನ್ನುವುದನ್ನು. ಆಮೇಲೆ ಬ್ಯಾರೆಲ್ ಮಡಚುವ ಕೀಲಿನಲ್ಲಿ ಅಲುಗಾಟ ಇದೆಯಾ ಅಂತ. ಇರಲಿಲ್ಲ. ಸ್ಟಾಕಿನ, ಅಂದರೆ ಭುಜಕ್ಕೆ, ಕೆನ್ನೆಗೆ ಆನಿಸುವ ಹಿಡಿಯ ಸ್ಕ್ರೂಗಳು, ಒಂದು ಕಾಲು ಸುತ್ತು ಸಡಿಲ. ಕೊನೆಗೆ ಹಿಂದಿನ ಸೈಟು ಕೂತಿದ್ದ ಡವ್‌ಟೇಲ್ ಪಟ್ಟಿ. ಅಲ್ಲಿ ಹೊಸ ಗೀರು, ಸುಮಾರು 2 ಮಿಮೀ ಉದ್ದ. ಸೈಟು ಗುಂಡಿನಿಂದ ಗುಂಡಿಗೆ ಹಿಂದೆ ಸರಿಯುತ್ತಿತ್ತು, ಒಂದು ಕಡೆ ಚೂರು ವಾರೆಯಾಗಿ.

ಸ್ಪ್ರಿಂಗ್ ರೈಫಲ್ ಒದೆಯುವ ರೀತಿ ಬೇರೆ. ಟ್ರಿಗರ್ ಬಿಟ್ಟ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಹೋಗುತ್ತದೆ. ಪಿಸ್ಟನ್ ತುದಿಗೆ ಬಡಿದಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ರೈಫಲ್ ಹಾಗೆ ಮುಂದೆ ಜಗ್ಗಿದಾಗ, ಸರಿಯಾಗಿ ಬಿಗಿಯದ ಸೈಟು ಇದ್ದಲ್ಲೇ ಉಳಿಯಲು ನೋಡುತ್ತದೆ. ಅಂದರೆ ಪಟ್ಟಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಗಾಳಿ ರೈಫಲ್ಲಿಗೆ ಏನು ಮಹಾ ಒದೆತ ಅನ್ನಬೇಡಿ. ನೂರಾರು ಸಣ್ಣ ಏಟು ಸಾಕು. ಜೊತೆಗೆ ಹಿಂದಿನ ಮಾಲೀಕರು ತುಕ್ಕು ಹಿಡಿಯಬಾರದು ಅಂತ ಪಟ್ಟಿಗೆ ಧಾರಾಳವಾಗಿ ಎಣ್ಣೆ ಸವರಿದ್ದರು. ಒಳ್ಳೆಯ ಉದ್ದೇಶ. ಅಪ್ಪ ಬಟ್ಟೆಗೆ ಸ್ಪಿರಿಟ್ ಹಾಕಿ ಪಟ್ಟಿ, ಸೈಟಿನ ದವಡೆ ಎರಡನ್ನೂ ಒಣಗಿಸಿ ಒರೆಸಿದರು. ಎರಡು ಸ್ಕ್ರೂಗಳನ್ನು ಅದೊಮ್ಮೆ ಇದೊಮ್ಮೆ ಸಮನಾಗಿ ಬಿಗಿದರು. ಆಮೇಲೆ ನನ್ನ ನೇಲ್ ಪಾಲಿಶ್ ಕೇಳಿದರು. ಸೈಟಿನಿಂದ ಪಟ್ಟಿಯ ಮೇಲೆ ಹಾದುಹೋಗುವ ಹಾಗೆ ಒಂದು ಸಣ್ಣ ಕೆಂಪು ಗೆರೆ ಎಳೆದರು, ಸ್ಕ್ರೂ ತಲೆಗಳ ಮೇಲೂ. ವರ್ಕ್‌ಶಾಪಿನಲ್ಲಿ ಬೋಲ್ಟ್ ಬಿಗಿದ ಮೇಲೆ ಹೀಗೆ ಬಣ್ಣದ ಗೆರೆ ಹಾಕುತ್ತಾರೆ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ಮಾತಿಲ್ಲ, ವಾದವಿಲ್ಲ.

ಸೈಟು ಸರಿಯುವುದು ಸೆಕೆಂಡ್ ಹ್ಯಾಂಡ್ ರೈಫಲ್ ಕೊಂಡವರ ಕಾಯಿಲೆ ಮಾತ್ರ ಅಲ್ಲ. 2008ರ ಬೀಜಿಂಗ್ ಫೈನಲ್‌ಗೆ ಮುಂಚಿನ ಅಭ್ಯಾಸದ ಗುಂಡು ಎಲ್ಲೋ ಹೋಗಿತ್ತು, ಸೈಟ್ ಸರಿದಿತ್ತು ಅಂತ ಅಭಿನವ್ ಬಿಂದ್ರಾ ಅವರೇ ಹೇಳಿಕೊಂಡಿದ್ದಾರೆ. ಇದ್ದ ಕೆಲವೇ ನಿಮಿಷದಲ್ಲಿ ತಿದ್ದಿಕೊಂಡು, ಕೊನೆಯ ಗುಂಡು 10.8 ಹೊಡೆದು, 700.5 ಅಂಕಕ್ಕೆ ಚಿನ್ನ ತಂದರು. ಈ ಕತೆಯಲ್ಲಿ ಜನ ಅವರ ಧೈರ್ಯ ನೋಡುತ್ತಾರೆ. ನನಗೆ ಬೇರೆಯದೇ ಕಾಣುತ್ತದೆ. ತಪ್ಪು ತನ್ನದಲ್ಲ, ಸೈಟಿನದು ಅಂತ ಅಷ್ಟು ಬೇಗ ಅವರಿಗೆ ಹೇಗೆ ಗೊತ್ತಾಯಿತು? ತನ್ನ ಗುಂಪು ಎಲ್ಲಿ ಬೀಳುತ್ತದೆ ಅಂತ ಅವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ನನಗೆ ನನ್ನ ಗುಂಪಿನ ಮುಖಪರಿಚಯವೂ ಇರಲಿಲ್ಲ. ಅದಕ್ಕೇ ನಾನು ಒಂದು ದಿನ ನನ್ನನ್ನು ಬೈಯುತ್ತಿದ್ದೆ, ಒಂದು ದಿನ ಸೈಟನ್ನು.

ಸೈಟು ಗಟ್ಟಿಯಾಗಿ ಕೂತ ಮೇಲೆ ಅಪ್ಪ ಪಕ್ಕದ ನಾಬಿನ ಟೇಪು ಬಿಚ್ಚಲು ಬಿಟ್ಟರು. ಒಂದು ಪರೀಕ್ಷೆಗೆ ಮಾತ್ರ. ಐದು ಗುಂಡು ಹೊಡಿ. ಇಪ್ಪತ್ತು ಕ್ಲಿಕ್ ಎಡಕ್ಕೆ ತಿರುಗಿಸಿ ಐದು ಹೊಡಿ. ಇಪ್ಪತ್ತು ಕ್ಲಿಕ್ ವಾಪಸ್ ತಂದು ಐದು ಹೊಡಿ. ಮೂರನೇ ಗುಂಪು ಮೊದಲನೆಯದರ ಮೇಲೇ ಬೀಳಬೇಕು. ಸ್ಕೇಲ್ ಇಟ್ಟು ಅಳೆದೆವು. ಹೋಗುವಾಗ 11 ಮಿಮೀ ಹೋಗಿತ್ತು, ಅಂದರೆ ಕ್ಲಿಕ್ಕಿಗೆ 0.55 ಮಿಮೀ. ಬರುವಾಗ ಒಂಬತ್ತೂವರೆಯೇ ಬಂದಿತ್ತು. ಒಂದೂವರೆ ಮಿಮೀ ಎಲ್ಲಿ ಹೋಯಿತು?

"ಆಟ ಐತಿ ಇದರಾಗ" ಅಂದರು ಅಪ್ಪ. ಇಂಗ್ಲಿಷಿನಲ್ಲೂ ಅದಕ್ಕೆ ಪ್ಲೇ ಅಂತಲೇ ಅನ್ನುತ್ತಾರೆ, ಎರಡು ಭಾಷೆಯ ಮೆಕ್ಯಾನಿಕರೂ ಒಂದೇ ಪದ ಹಿಡಿದದ್ದು ಚೆಂದ. ಸ್ಕ್ರೂ ಮತ್ತು ಅದು ಕೂತಿರುವ ತೂತಿನ ಹಲ್ಲುಗಳ ನಡುವೆ ಸವೆದು ಜಾಗ ಆಗಿರುತ್ತದೆ. ದಿಕ್ಕು ಬದಲಿಸಿದಾಗ ಮೊದಲ ಎರಡು ಮೂರು ಕ್ಲಿಕ್ ಆ ಖಾಲಿ ಜಾಗ ತುಂಬಲು ಹೋಗುತ್ತವೆ. ಕಿವಿಗೆ ಕ್ಲಿಕ್ ಕೇಳುತ್ತದೆ, ಸೈಟು ಅಲ್ಲಾಡಿರುವುದಿಲ್ಲ. ಎರಡು ವಾರ ಎಡಕ್ಕೆ ಎರಡು, ಬಲಕ್ಕೆ ಮೂರು ಅಂತ ಕುಣಿದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ಬರೀ ಸದ್ದು. ಇದಕ್ಕೆ ರಿಪೇರಿ ಕಷ್ಟ, ಉಪಾಯ ಸುಲಭ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಬೇಕು. ಆರು ಕ್ಲಿಕ್ ವಾಪಸ್ ಬರಬೇಕಾದರೆ ಹನ್ನೊಂದು ವಾಪಸ್ ಬಂದು ಮತ್ತೆ ಐದು ಮುಂದೆ ಹೋಗಬೇಕು.

ಆಗ ಬಸ್ಸಿನ ಅಜ್ಜ ನೆನಪಾದರು. ಚಿಕ್ಕವಳಿದ್ದಾಗ ಎರಡು ವರ್ಷ ಸಂಗೀತ ಕಲಿಯಲು ಹೋಗಿದ್ದೆ. ನಮ್ಮ ಗುರುಗಳು ತಂಬೂರಿ ಶ್ರುತಿ ಮಾಡುವಾಗ ತಂತಿ ಮೇಲೆ ಹೋಗಿದ್ದರೆ ಅಲ್ಲಿಂದಲೇ ಇಳಿಸಿ ನಿಲ್ಲಿಸುತ್ತಿರಲಿಲ್ಲ. ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ಏರಿಸುತ್ತಾ ಬಂದು ಸ್ವರಕ್ಕೆ ಕೂರಿಸುತ್ತಿದ್ದರು. ಇಳಿಸಿ ನಿಲ್ಲಿಸಿದರೆ ಬಿರಡೆಯ ಸಡಿಲ ಉಳಿದುಬಿಡುತ್ತದೆ, ಹಾಡುವಷ್ಟರಲ್ಲಿ ತಂತಿ ಜಾರುತ್ತದೆ. ಅಜ್ಜರಿಗೆ ನಾನು ಹೇಳಿದ್ದು ಪೂರಾ ಸುಳ್ಳೇನಲ್ಲ ಬಿಡಿ.

ಇನ್ನು ಎತ್ತರದ ಸಮಸ್ಯೆ. ಇದೇ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು. ಮೇಲಿನ ನಾಬನ್ನು ಸರಿಯಾದ ದಿಕ್ಕಿಗೇ ತಿರುಗಿಸುತ್ತಾ ಹೋದೆ. ಒಂದು ಹಂತದಲ್ಲಿ ಅದು ನಿಂತೇ ಹೋಯಿತು. ಸೈಟು ತನ್ನ ಏಣಿಯ ತುದಿ ಮುಟ್ಟಿದೆ, ಗುಂಪು ಇನ್ನೂ 10 ಮಿಮೀ ಕೆಳಗಿದೆ. ಬಲ ಹಾಕಿ ತಿರುಗಿಸಿದರೆ ಹಲ್ಲು ಹೋಗುತ್ತದೆ. ಅಷ್ಟು ಬುದ್ಧಿ ಇತ್ತು.

ಲೆಕ್ಕ ನನ್ನ ಕಸುಬು. ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಟೇಪ್ ಹಿಡಿದರೆ 75 ಸೆಂಮೀ. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ. 10 ಮೀಟರನ್ನು ಮುಕ್ಕಾಲು ಮೀಟರಿನಿಂದ ಭಾಗಿಸಿದರೆ ಹದಿಮೂರು ಚಿಲ್ಲರೆ. ಅಂದರೆ ಸೈಟು ಎಷ್ಟು ಸರಿಯುತ್ತದೋ ಗುಂಡು ಅದರ ಹದಿಮೂರರಷ್ಟು ಸರಿಯುತ್ತದೆ. 10 ಮಿಮೀ ಮೇಲೆ ಬರಬೇಕಾದರೆ ಹಿಂದಿನ ಸೈಟು ಮುಕ್ಕಾಲು ಮಿಮೀ ಎದ್ದರೆ ಸಾಕು. ಮುಕ್ಕಾಲು ಮಿಮೀ ದಪ್ಪದ ವಸ್ತು ಎಲ್ಲರ ಜೇಬಿನಲ್ಲೂ ಇದೆ. ಎಟಿಎಂ ಕಾರ್ಡ್. ಅದರ ದಪ್ಪ ಜಗತ್ತಿನ ಎಲ್ಲ ಬ್ಯಾಂಕಿನದೂ 0.76 ಮಿಮೀ. ಅವಧಿ ಮುಗಿದ ಕಾರ್ಡ್ ಕತ್ತರಿಸಿ ಸೈಟಿನ ಅಡಿಗೆ ಕೊಟ್ಟೆ. ನನ್ನ ಲೆಕ್ಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರನೇ ಗುಂಡಿಗೆ ಸೈಟು ಕಳಚಿ ತೊಡೆಯ ಮೇಲೆ ಬಿತ್ತು.

ಲೆಕ್ಕ ಸರಿಯಿತ್ತು, ಲೋಹದ ಬಗ್ಗೆ ಯೋಚಿಸಿರಲಿಲ್ಲ. ಡವ್‌ಟೇಲ್ ಅಂದರೆ ಪಾರಿವಾಳದ ಬಾಲದ ಹಾಗೆ ಓರೆ ಅಂಚಿನ ಪಟ್ಟಿ. ಸೈಟಿನ ದವಡೆ ಆ ಓರೆಯನ್ನು ಅಡಿಯಿಂದ ಕಚ್ಚಿ ಹಿಡಿಯುತ್ತದೆ. ನಡುವೆ ಕಾರ್ಡ್ ಬಂದರೆ ದವಡೆ ಅಷ್ಟು ಮೇಲೇಳುತ್ತದೆ, ಕಚ್ಚಲು ಅಂಚೇ ಸಿಗುವುದಿಲ್ಲ. ಕಾಗದದ ಒಂದು ಪದರ ಓಕೆ, ಎಟಿಎಂ ಕಾರ್ಡ್ ಅತಿಯಾಯಿತು. ಲೇಥ್‌ನಲ್ಲಿ ಒಂದು ಎತ್ತರದ ಕಟ್ಟೆ ಮಾಡಿಸೋಣ ಅಂದೆ. ಅಪ್ಪ ರೈಫಲ್ ಮಡಿಲಲ್ಲಿಟ್ಟು ಸುಮ್ನೆ ನೋಡುತ್ತಾ ಕೂತರು. ಹತ್ತು ನಿಮಿಷ ಆಗಿರಬೇಕು. ಹಿಂದಿನ ಸೈಟ್ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಮುಂದಿನದನ್ನು.

"ಇದು ಎರಡು ತುಂಡು ಐತಲ್ಲ?"

ಹೌದು. ಮುಂದಿನ ಸೈಟಿನ ಕೊಳವೆಯ ಅಡಿಯಲ್ಲಿ ಒಂದು ಸಣ್ಣ ಕಟ್ಟೆ ಇತ್ತು. ಕಪ್ಪು ಬಣ್ಣ, ಸೈಟಿನದೇ ಭಾಗ ಅನ್ನುವ ಹಾಗೆ ಕೂತಿತ್ತು. ಅಳೆದರೆ 4 ಮಿಮೀ. ತಲೆ ನೆಟ್ಟಗೆ ಇಟ್ಟುಕೊಳ್ಳಲು ಕೆಲವರು ಎರಡೂ ಸೈಟುಗಳನ್ನು ಇಂಥ ಕಟ್ಟೆ ಕೊಟ್ಟು ಎತ್ತರಿಸುತ್ತಾರೆ. ಹಿಂದೊಂದು, ಮುಂದೊಂದು, ಸರಿಸಮ. ಮಾರಿದವರಿಗೆ ಫೋನ್ ಮಾಡಿದೆ. "ಅಯ್ಯೋ, ಹಿಂದಿನದನ್ನ ತೆಗೆದು ನನ್ನ ಹೊಸ ರೈಫಲ್ಲಿಗೆ ಹಾಕಿಕೊಂಡೆ ರೀ" ಅಂದರು. ಮುಂದಿನದನ್ನು ಮರೆತಿದ್ದರು. ಮುಂದಿನ ಸೈಟು 4 ಮಿಮೀ ಎತ್ತರ ಇದ್ದರೆ ಗುಂಡು 53 ಮಿಮೀ ಕೆಳಗೆ. ಅದನ್ನು ಸರಿದೂಗಿಸಲು ಬಡಪಾಯಿ ಹಿಂದಿನ ಸೈಟು ತುದಿಯವರೆಗೆ ಹತ್ತಿ, 43 ಮಿಮೀ ಎತ್ತಿಕೊಟ್ಟು, ಅಲ್ಲಿಗೆ ಕೈಚೆಲ್ಲಿತ್ತು. ಉಳಿದದ್ದೇ ನನ್ನ 10 ಮಿಮೀ.

ನಾನು ಹಿಂದೆ ಒಂದನ್ನು ಸೇರಿಸಲು ಹೊರಟಿದ್ದೆ. ಮುಂದೆ ಒಂದನ್ನು ತೆಗೆಯಬೇಕಿತ್ತು. ಕಟ್ಟೆ ತೆಗೆದೆವು. ಈಗ ಗುಂಡು 43 ಮಿಮೀ ಮೇಲೆ ಹೋಗುತ್ತದೆ. ಕಾರ್ಡಿನ ನಡುವಿನಿಂದ ಅಂಚಿಗೆ ಇರುವುದೇ 40 ಮಿಮೀ, ಹಾಗಾಗಿ ಹೊಡೆದು ನೋಡಿ ತಿದ್ದುವ ಮಾತೇ ಇಲ್ಲ. ಮನೆಯಲ್ಲೇ ಕುಳಿತು ಎಣಿಸಿ ಇಳಿಸಿದೆ, ಎಪ್ಪತ್ತೆಂಟು ಕ್ಲಿಕ್, ಕೊನೆಗೆ ಐದು ಹೆಚ್ಚು ಇಳಿಸಿ ಐದು ಏರಿಸಿ. ಮರುದಿನ ರೇಂಜಿನಲ್ಲಿ ಮೊದಲ ಗುಂಡು ಎಂಟರ ಗೆರೆಗೆ ತಾಗಿತು. ಕೂಗಿಬಿಟ್ಟೆ. ಪಕ್ಕದ ಲೇನಿನವರ ಗುಂಡು ನನ್ನ ಕೂಗಿಗೆ ಎಲ್ಲೋ ಹೋಯಿತು, ಕ್ಷಮೆ ಕೇಳಿದೆ.

ಉಳಿದವು ಸಣ್ಣಪುಟ್ಟವು. ಮುಂದಿನ ರಿಂಗ್ 2.8 ಮಿಮೀ ಇತ್ತು. 10 ಮೀಟರ್ ದೂರದ ಕಪ್ಪು ಬೊಟ್ಟು ಆ ರಿಂಗಿನ ಜಾಗದಲ್ಲಿ ಕಣ್ಣಿಗೆ ಎರಡೂವರೆ ಮಿಮೀಯಷ್ಟು ಕಾಣುತ್ತದೆ. ಸುತ್ತ ಉಳಿಯುವ ಬಿಳಿ ಕೂದಲೆಳೆ. ಅದನ್ನು ನೋಡಿ ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು, ಬೊಟ್ಟು ರಿಂಗಿಗೆ ಅಂಟಿದ ಹಾಗೆ ಕಾಣುತ್ತಿತ್ತು. ಕೋಚ್ 3.8ರ ರಿಂಗ್ ಹಾಕಿಸಿದರು. ಚಿಕ್ಕ ರಿಂಗ್ ಅಂದರೆ ನಿಖರ ಅಂತ ನಾನು ನಂಬಿದ್ದೆ, ಹಾಗೇನಿಲ್ಲ. ರೈಫಲ್ ಬಲಕ್ಕೆ ವಾಲಿಸುವ ಚಟ ಇತ್ತು. ವಾಲಿದರೆ ಗುಂಡು ವಾಲಿದ ಕಡೆಗೆ, ಸ್ವಲ್ಪ ಕೆಳಗೆ ಹೋಗುತ್ತದೆ. ಅದನ್ನೂ ಎಷ್ಟೋ ದಿನ ನಾಬಿನಿಂದ ತಿದ್ದಲು ನೋಡಿದ್ದೆ. ಪೆಲೆಟ್ ಡಬ್ಬಿ ಬದಲಾದರೆ ಗುಂಪು ಚೂರು ಜಾಗ ಬದಲಿಸುತ್ತದೆ, ಆದ್ದರಿಂದ ಒಂದೇ ಬಗೆಯದನ್ನು ಹಿಡಿದುಕೊಂಡಿದ್ದೇನೆ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲಿ ಚುರುಮುರಿ ತಿನ್ನಬೇಡಿ.

ಕೆನ್ನೆಯ ಮಾತು ಮಾತ್ರ ಸಣ್ಣದಲ್ಲ. ಮುಂದಿನ ಕಟ್ಟೆ ತೆಗೆದು ಸೈಟನ್ನು ಇಳಿಸಿದ ಮೇಲೂ ನನ್ನ ಕೆನ್ನೆ ಸ್ಟಾಕಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯಲ್ಲಿ ತೇಲುವ ತಲೆ, ಒಂದೊಂದು ಗುಂಡಿಗೆ ಒಂದೊಂದು ಎತ್ತರ. ಕಣ್ಣು ಹಿಂದಿನ ತೂತಿನ ನಡುವಿನಲ್ಲಿ ಇಲ್ಲದಿದ್ದರೆ ಸೈಟು ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ. ಯೋಗ ಮ್ಯಾಟಿನ ತುಂಡು ಕತ್ತರಿಸಿ, ಮೇಲೆ ಅಮ್ಮನ ಹಳೇ ಗುಳೇದಗುಡ್ಡ ಖಣದ ಬಟ್ಟೆ ಸುತ್ತಿ ಸ್ಟಾಕಿಗೆ ಕಟ್ಟಿದೆ. ರೇಂಜಿನ ಹುಡುಗರು ಅದಕ್ಕೆ ಕುಪ್ಪಸದ ರೈಫಲ್ ಅಂತ ಹೆಸರಿಟ್ಟಿದ್ದಾರೆ. ಕಣ್ಣು ಮುಚ್ಚಿ ಕೆನ್ನೆ ಇಟ್ಟು ಕಣ್ಣು ತೆರೆದರೆ ಈಗ ತೂತು ಎದುರಿಗೇ ಇರುತ್ತದೆ.

ಶಿವರಾತ್ರಿ ಹೊತ್ತಿನ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿ ಇರುತ್ತದಲ್ಲ, ಅಲ್ಲಿ ಚಿಕ್ಕವಳಿದ್ದಾಗ ಅಪ್ಪ ನನಗೆ ಹೇಳಿಕೊಟ್ಟದ್ದು ಮೊನ್ನೆ ನೆನಪಾಯಿತು. ಮೊದಲ ಗುಂಡನ್ನು ಬಲೂನಿಗೆ ಹೊಡೆಯುತ್ತಿರಲಿಲ್ಲ. ಹಲಗೆಯ ಮೇಲಿನ ಒಂದು ಮೊಳೆ ಗುರಿ ಇಟ್ಟು ಹೊಡೆದು, ತೂತು ಎಲ್ಲಿ ಬಿತ್ತು ನೋಡುತ್ತಿದ್ದರು. ಎರಡನೆಯದನ್ನೂ ಅಲ್ಲಿಗೇ. ಮೂರನೆಯದಕ್ಕೆ ಬಲೂನು ಬಿಟ್ಟು ಅದರ ಎಡ ಮೇಲ್ಗಡೆ ಗುರಿ ಇಡುತ್ತಿದ್ದರು, ಬಲೂನು ಠಪ್ ಅನ್ನುತ್ತಿತ್ತು. ಎರಡು ಗುಂಡು ದಂಡ ಅಂತ ನಾನು ಅಳುತ್ತಿದ್ದೆ.

ಈಗ ನಿಂತು ಹೊಡೆದರೆ ಹತ್ತು ಗುಂಡಿಗೆ ಎಂಬತ್ತರ ಮೇಲೆ ಬರುತ್ತದೆ. ದೊಡ್ಡದೇನಲ್ಲ. ಆದರೆ ಒಂದು ಹೊಸ ತಗಾದೆ ಶುರುವಾಗಿದೆ. ಪಂದ್ಯದಲ್ಲಿ 60 ಗುಂಡು, 75 ನಿಮಿಷ. ಅದೇ ಲೆಕ್ಕದಲ್ಲಿ ಅಭ್ಯಾಸ ಮಾಡಿದರೆ ನಲವತ್ತನೆಯದರ ಆಸುಪಾಸು ಗುಂಪು ಎರಡು ಮೂರು ಮಿಮೀ ಕೆಳಗೆ ಇಳಿಯುತ್ತದೆ. ಮೂರು ಸಲ ನೋಡಿದ್ದೇನೆ. ಸ್ಟಾಕಿನ ಸ್ಕ್ರೂ ಮತ್ತೆ ಸಡಿಲ ಆಗುತ್ತಿದೆ ಅನ್ನುತ್ತಾರೆ ಅಪ್ಪ. ಕತ್ತು ಸೋತು ಕೆನ್ನೆ ಜಾರುತ್ತಿದೆ ಅನ್ನುತ್ತೇನೆ ನಾನು. ಇಬ್ಬರೂ ಪಟ್ಟು ಬಿಟ್ಟಿಲ್ಲ. ಸೋತವರು ಗಿರ್ಮಿಟ್, ಮಿರ್ಚಿ ಕೊಡಿಸಬೇಕು ಅಂತ ಮಾತಾಗಿದೆ.

ಈ ರವಿವಾರ ಅವರೂ ರೇಂಜಿಗೆ ಬರುತ್ತಾರೆ. ಗುಂಪು ಇಳಿದ ಕೂಡಲೇ ರೈಫಲ್ ಕೆಳಗಿಟ್ಟು ಹದಿನೈದು ನಿಮಿಷ ಸುಮ್ನೆ ಕೂರುತ್ತೇನೆ. ಯಾರೂ ಏನೂ ಮುಟ್ಟುವಂತಿಲ್ಲ. ಆಮೇಲೆ ಐದು ಗುಂಡು. ಗುಂಪು ಮೇಲೆ ಬಂದರೆ ತಪ್ಪು ನನ್ನ ಕತ್ತಿನದು, ಅಲ್ಲೇ ಉಳಿದರೆ ಸ್ಕ್ರೂವಿನದು. ಸ್ಕ್ರೂ ತಲೆಗಳ ಮೇಲೆ ಹೊಸದಾಗಿ ನೇಲ್ ಪಾಲಿಶ್ ಗೆರೆ ಹಾಕಿಯಾಗಿದೆ. ನಾಬುಗಳಿಗೆ ಟೇಪು ಸುತ್ತಿಯಾಗಿದೆ, ಈ ಸಲ ನಾನೇ ಸುತ್ತಿದ್ದೇನೆ. ಅಪ್ಪ ಸ್ಕ್ರೂಡ್ರೈವರನ್ನು ಇವತ್ತೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದಾರೆ, ಇವತ್ತಿನ್ನೂ ಗುರುವಾರ.